ಅಂಬಾಸಿಡರ್ ಡ್ಯಾಶ್‌ಬೋರ್ಡಿನ 41 ವೈರು

ಪೇಂಟಿಂಗಿಗೆ ಕೊಟ್ಟಿದ್ದ ಗಾಡಿ ನಾಲ್ಕು ತಿಂಗಳಾದ್ಮೇಲೆ ಲಾರಿ ಮೇಲೆ ವಾಪಸ್ ಬಂತು. ಬಣ್ಣ ಚೆನ್ನಾಗೇ ಹೊಡೆದಿದ್ರು ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಬಾಗಿಲು ತೆಗೆದು ಒಳಗೆ ನೋಡಿದ್ರೆ ಡ್ಯಾಶ್‌ಬೋರ್ಡ್ ಇರ್ಬೇಕಾದ ಜಾಗದಲ್ಲಿ ಬರೀ ತೂತು, ಆ ತೂತಿಂದ ಒಂದು ಹಿಡಿ ವೈರು ಹೊರಗೆ ನೇತಾಡ್ತಿದೆ. ಮೀಟರು, ಸ್ವಿಚ್ಚು ಎಲ್ಲಾ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ಹಿಂದಿನ ಸೀಟಲ್ಲಿ ಇಟ್ಟಿದ್ರು. ಒಂದೊಂದರ ಬೆನ್ನಿಗೂ ಎರಡೆರಡು ಇಂಚು ವೈರಿನ ತುಂಡು ಹಾಗೇ ಅಂಟ್ಕೊಂಡಿತ್ತು, ಅಂದ್ರೆ ಸ್ಕ್ರೂ ಬಿಚ್ಚಿ ತೆಗೆದಿಲ್ಲ, ಕಟಿಂಗ್ ಪ್ಲೇಯರ್ ಹಾಕಿ ಕತ್ತರಿಸಿಬಿಟ್ಟಿದಾರೆ. ಫೋನ್ ಮಾಡಿ ಕೇಳಿದ್ರೆ "ವೈರಿಂಗ್ ಹೆಂಗೂ ಹೊಸದು ಹಾಕಿಸ್ತೀರಲ್ಲ ಸಾರ್" ಅಂದ್ರು. ಆವತ್ತು ರಾತ್ರಿ ನಂಗೆ ಊಟ ಸೇರ್ಲಿಲ್ಲ.

ಗಾಡಿ ದೊಡ್ಡಪ್ಪಂದು. 1969ರ ಅಂಬಾಸಿಡರ್ ಮಾರ್ಕ್ 2, ನಂಬರ್ ಪ್ಲೇಟು ಇನ್ನೂ ಎಂವೈ ಅಂತಾನೇ ಶುರುವಾಗುತ್ತೆ, ಯಾಕಂದ್ರೆ ಆಗ ನಮ್ಮ ರಾಜ್ಯಕ್ಕೆ ಮೈಸೂರು ಅಂತಾನೇ ಹೆಸರು, ಕರ್ನಾಟಕ ಆಗಿದ್ದು 1973ರಲ್ಲಿ. ದೊಡ್ಡಪ್ಪ ಇದನ್ನ ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ತೀರ್ಥಹಳ್ಳಿಗೆ ತಂದಿದ್ದು. ಅಡಿಕೆ ಮಂಡಿಗೆ, ಮದುವೆ ಮನೆಗೆ, ಆಗುಂಬೆ ಘಾಟಿ ಇಳಿದು ಉಡುಪಿಗೆ, ಎಲ್ಲಕ್ಕೂ ಇದೇ ಗಾಡಿ. ಆಮೇಲೆ ಹನ್ನೊಂದು ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಟಾರ್ಪಾಲ್ ಕೆಳಗೆ ನಿಂತಿತ್ತು. ಎಂಜಿನ್ನು, ಬ್ರೇಕು, ಬಾಡಿ ಕೆಲಸ ಎಲ್ಲಾ ಮುಗಿಸಿ ಕೊನೆಗೆ ಬಂದಿದ್ದು ಈ ವೈರಿಂಗ್ ಹತ್ರ.

ಎಲ್ಲರೂ ಹೇಳಿದ್ದು ಹೊಸ ಹಾರ್ನೆಸ್ (ಗಾಡಿಯ ವೈರೆಲ್ಲಾ ಸೇರಿಸಿ ಕಟ್ಟಿದ ಕಂತೆ) ಹಾಕ್ಸು ಅಂತ. ನಾನು ಬೇಡ ಅಂದೆ. ಹಾರ್ನೆಸ್ ಹೊಸದಾದ್ರೂ ಯಾವ ವೈರು ಯಾವ ಮೀಟರಿಗೆ ಅಂತ ಗೊತ್ತಾಗ್ಲೇಬೇಕಲ್ಲ, ಜೊತೆಗೆ ನಮ್ಮ ಗಾಡಿಯ ಸ್ವಿಚ್ಚು ಮೀಟರಲ್ಲಿ ಕೆಲವು ಮಧ್ಯದಲ್ಲಿ ಬದಲಾಗಿದಾವೆ, ರೆಡಿಮೇಡ್ ತಂದ್ರೂ ಪೂರ್ತಿ ಕೂರಲ್ಲ. ಇನ್ನೊಂದು, ಬಾನೆಟ್ ಕೆಳಗಿನ ಮತ್ತು ಹಿಂದಕ್ಕೆ ಹೋಗೋ ವೈರುಗಳು ಬಟ್ಟೆ ಸುತ್ತಿದ ಹಳೇ ಹಾರ್ನೆಸ್ ಒಳಗೆ ಬಹುತೇಕ ಗಟ್ಟಿಯಾಗೇ ಇದ್ವು. ಹಾಳಾಗಿದ್ದು ಕತ್ತರಿಸಿದ ಜಾಗ ಮಾತ್ರ.

ಮೊದಲ ಶನಿವಾರ ಏನೂ ಜೋಡಿಸ್ಲಿಲ್ಲ, ಬ್ಯಾಟರಿ ಗಾಡಿಯಲ್ಲಿ ಇರ್ಲೇ ಇಲ್ಲ, ಬರೀ ಎಣಿಸಿ ನಂಬರ್ ಹಾಕಿದ್ದು. ಗಾಡಿ ಕಡೆ 41 ತುದಿ. ಡಬ್ಬದಲ್ಲಿದ್ದ ಮೀಟರು ಸ್ವಿಚ್ಚುಗಳ ಕಡೆ ಎಣಿಸಿದ್ರೆ 38. ಮೂರು ಲೆಕ್ಕಕ್ಕೆ ಸಿಗ್ಲಿಲ್ಲ. ಒಂದೊಂದು ತುದಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಪೆನ್ನಲ್ಲಿ ನಂಬರ್ ಬರೆದೆ. ಮುಂದಿನ ವಾರ ಬೆಂಗಳೂರಿಂದ ಬಂದು ನೋಡಿದ್ರೆ ನಾಲ್ಕು ಟೇಪು ಅಂಟು ಬಿಟ್ಟು ಕೆಳಗೆ ಬಿದ್ದಿದೆ, ಪುಣ್ಯಕ್ಕೆ ಫೋಟೋ ಇತ್ತು. ಆಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗೋ ಪಾರದರ್ಶಕ ಹೀಟ್ ಶ್ರಿಂಕ್ ಸ್ಲೀವ್ ತಂದು ನಂಬರ್ ಚೀಟಿ ಮೇಲೆ ಹಾಕಿ ಬಿಸಿ ಮಾಡಿದೆ, ಅದು ಇವತ್ತಿಗೂ ಅಲ್ಲಾಡಿಲ್ಲ. ಡಬ್ಬದ ಕಡೆ ತುಂಡುಗಳಿಗೆ ನಂಬರ್ ಬದಲು ಹೆಸರು ಬರೆದೆ, ಫ್ಯುಯೆಲ್ ಗೇಜ್ ಮೇಲಿನದು, ಫ್ಯುಯೆಲ್ ಗೇಜ್ ಕೆಳಗಿನದು, ಈ ಥರ. ಒಂದು ಲಾಂಗ್‌ಬುಕ್ಕಲ್ಲಿ ಎರಡು ಪುಟ ಎದುರುಬದುರು ಇಟ್ಕೊಂಡು ಎಡಕ್ಕೆ ಗಾಡಿ, ಬಲಕ್ಕೆ ಡ್ಯಾಶ್. ಎರಡನ್ನೂ ಸೇರಿಸೋ ಗೆರೆ ಪಕ್ಕಾ ಆಗೋವರೆಗೆ ಪೆನ್ಸಿಲಲ್ಲಿ, ಪಕ್ಕಾ ಆದ್ಮೇಲೆ ಮಾತ್ರ ಪೆನ್ನಲ್ಲಿ.

ಬಣ್ಣ ನೋಡಿ ಜೋಡಿಸಿದ್ರೆ ಆಯ್ತಲ್ಲ ಅಂತ ನೀವು ಕೇಳ್ಬಹುದು. ನಾನೂ ಹಂಗೇ ಅಂದ್ಕೊಂಡಿದ್ದೆ. ಅಂಬಾಸಿಡರ್ ಅಂದ್ರೆ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಅದನ್ನೇ ಹಿಂದೂಸ್ತಾನ್ ಮೋಟರ್ಸ್‌ನವರು ಉತ್ತರಪಾರಾದಲ್ಲಿ ಮಾಡಿದ್ದು, ಹಾಗಾಗಿ ವೈರಿನ ಬಣ್ಣನೂ ಲೂಕಾಸ್ ಅನ್ನೋ ಬ್ರಿಟಿಷ್ ಎಲೆಕ್ಟ್ರಿಕಲ್ ಕಂಪನಿಯ ಪದ್ಧತಿದೇ. ಅದ್ರಲ್ಲಿ ಒಂದು ಚಂದದ ಲೆಕ್ಕ ಇದೆ. ಬ್ರೌನ್ ಅಂದ್ರೆ ಬ್ಯಾಟರಿಯಿಂದ ನೇರ ಬರೋ ಕರೆಂಟು, ಮಧ್ಯ ಫ್ಯೂಸ್ ಇಲ್ಲ. ಬಿಳಿ ಅಂದ್ರೆ ಕೀ ತಿರುಗಿಸಿದ್ಮೇಲೆ ಬರೋದು, ಅದಕ್ಕೂ ಫ್ಯೂಸ್ ಇಲ್ಲ. ಅದೇ ಬಿಳಿ ಫ್ಯೂಸ್ ದಾಟಿ ಆಚೆ ಬಂದ್ರೆ ಹಸಿರು. ಬ್ರೌನ್ ಫ್ಯೂಸ್ ದಾಟಿದ್ರೆ ಪರ್ಪಲ್. ನೀಲಿ ಹೆಡ್‌ಲೈಟು, ಕೆಂಪು ಪಾರ್ಕ್ ಲೈಟು ಟೈಲ್ ಲೈಟು, ಕಪ್ಪು ಅರ್ಥ್, ಅಂದ್ರೆ ಕರೆಂಟು ಗಾಡಿಯ ಬಾಡಿ ಮೂಲಕ ವಾಪಸ್ ಹೋಗೋ ದಾರಿ. ಆಮೇಲೆ ಮೈಬಣ್ಣದ ಮೇಲೆ ಒಂದು ಸಣ್ಣ ಗೆರೆ ಇರುತ್ತೆ, ಅದು ಯಾವ ಕೆಲಸದ್ದು ಅಂತ ಹೇಳುತ್ತೆ. ಹಸಿರು ಮೇಲೆ ಕೆಂಪು ಗೆರೆ ಎಡಗಡೆ ಇಂಡಿಕೇಟರ್, ಹಸಿರು ಮೇಲೆ ಬಿಳಿ ಬಲಗಡೆ, ಹಸಿರು ಮೇಲೆ ಪರ್ಪಲ್ ಬ್ರೇಕ್ ಲೈಟು, ಹಸಿರು ಮೇಲೆ ಕಪ್ಪು ಟ್ಯಾಂಕಿಂದ ಬರೋ ಫ್ಯುಯೆಲ್ ವೈರು. ನೀಲಿ ಮೇಲೆ ಬಿಳಿ ಹೈಬೀಮ್, ನೀಲಿ ಮೇಲೆ ಕೆಂಪು ಡಿಮ್. ಮೈಬಣ್ಣ ಕರೆಂಟು ಎಲ್ಲಿಂದ ಬಂತು ಅಂತ ಹೇಳುತ್ತೆ, ಗೆರೆ ಎಲ್ಲಿಗೆ ಹೋಗುತ್ತೆ ಅಂತ ಹೇಳುತ್ತೆ, ಇದು ತಲೆಗೆ ಹೋದ ದಿನ ನಂಗೆ ಆ ವೈರಿನ ಗಂಟು ಓದೋಕೆ ಬರೋ ಅಕ್ಷರದ ಥರ ಕಂಡಿತು.

ತೊಂದ್ರೆ ಏನಂದ್ರೆ 55 ವರ್ಷದಲ್ಲಿ ಆ ಬಣ್ಣ ಉಳಿದಿರಲ್ಲ. ಬಿಳಿ ಹಳದಿಯಾಗಿದೆ, ಹಳದಿ ಬ್ರೌನ್ ಆಗಿದೆ, ಪರ್ಪಲ್ಲು ಬ್ರೌನ್ ಥರಾನೇ ಕಾಣುತ್ತೆ, ಗೆರೆಗಳಂತೂ ಮಸಿಯೊಳಗೆ ಮುಳುಗಿಹೋಗಿವೆ. ಸ್ಪಿರಿಟ್ ಹಾಕಿ ಒರೆಸಿದ್ರೆ ಸ್ವಲ್ಪ ಗೊತ್ತಾಗುತ್ತೆ (ಪೆಟ್ರೋಲ್ ಹಾಕ್ಬೇಡಿ, ಹಳೇ ಪಿವಿಸಿ ಕೆಡುತ್ತೆ). ಎರಡು ಭಾನುವಾರ ನಾನು ಟಾರ್ಚ್ ಹಿಡ್ಕೊಂಡು ಇದು ಬ್ರೌನಾ ಪರ್ಪಲ್ಲಾ ಅಂತ ನೋಡಿ ನೋಡಿ ಕಣ್ಣು ಉರಿ ಬರಿಸ್ಕೊಂಡಿದ್ದಾಯ್ತು.

ಅದಕ್ಕೆ ದಾರಿ ತೋರಿಸಿದ್ದು ನಮ್ಮೂರಿನ ಹಳೇ ಆಟೋ ಎಲೆಕ್ಟ್ರಿಷಿಯನ್ ಸಾಬ್ರು. ಎಪ್ಪತ್ತು ದಾಟಿದೆ, ಅಂಗಡಿ ಮಗ ನೋಡ್ಕೊಳ್ತಾನೆ, ಇವರು ಸಂಜೆ ಹೊತ್ತು ಬಂದು ಕೂತ್ಕೊಳ್ತಾರೆ. ಈ ಗಾಡಿ ಅವರ ಕೈಲೇ ಎಷ್ಟೋ ಸಲ ರಿಪೇರಿ ಆಗಿದ್ದು. ಶೆಡ್ಡಿಗೆ ಕರ್ಕೊಂಡು ಬಂದೆ. ವೈರಿನ ತುದಿ ಮುಟ್ಲೂ ಇಲ್ಲ, "ತುದಿ ಬಿಸಿಲು ಕಂಡಿದೆ, ಎಣ್ಣೆ ಕಂಡಿದೆ, ಅದನ್ನ ಏನು ಕೇಳ್ತೀರಿ ಸ್ವಾಮಿ, ಒಳಗಿನದನ್ನ ಕೇಳಿ" ಅಂತ ಹೇಳಿ ಬ್ಲೇಡಲ್ಲಿ ಹಾರ್ನೆಸ್ಸಿನ ಮೇಲಿನ ಬಟ್ಟೆ ಟೇಪು ಎರಡು ಇಂಚು ಹಿಂದಕ್ಕೆ ಸೀಳಿದ್ರು. ಒಳಗಡೆ ಬಣ್ಣ ಫ್ಯಾಕ್ಟರಿಯಿಂದ ನಿನ್ನೆ ಬಂದಂಗಿದೆ! ಹಸಿರು ಅಂದ್ರೆ ಹಸಿರು, ಅದ್ರ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತೆ. ಬೆಳಕು ಗಾಳಿ ತಾಗದೇ ಇದ್ದ ಜಾಗ ಅದು. ಒಂದು ಗಂಟೆಯಲ್ಲಿ 41ರಲ್ಲಿ 29ರ ಬಣ್ಣ ಅನುಮಾನ ಇಲ್ಲದೆ ಬರ್ಕೊಂಡೆ.

ಉಳಿದ 12ರಲ್ಲಿ ಬಹುತೇಕ ಪೂರ್ತಿ ಕೆಂಪು. ಅದು ಲೂಕಾಸ್ ಕೆಂಪಲ್ಲ, ಯಾವಾಗ್ಲೋ ರಿಪೇರಿಯಲ್ಲಿ ಅಂಗಡಿಯಲ್ಲಿ ಸಿಕ್ಕಿದ ಬಣ್ಣ. ಸಾಬ್ರೇ ಒಪ್ಕೊಂಡ್ರು, "ಮಳೆಗಾಲದ ರಾತ್ರಿ ಗಾಡಿ ನಿಂತ್ರೆ ಬಣ್ಣ ಹುಡುಕ್ತಾ ಕೂರಕ್ಕೆ ಆಗುತ್ತಾ, ಕೆಂಪು ಇತ್ತು, ಕೆಂಪು ಹಾಕ್ದೆ" ಅಂದ್ರು. ನಿಜಾನೇ ಅದು. ಆ ಹೊತ್ತಿಗೆ ಗಾಡಿ ಮನೆ ಮುಟ್ಟಬೇಕಿತ್ತು, ಮುಟ್ಟಿತು. ಆದ್ರೆ ಅವತ್ತಿಂದ ನಂಗೆ ಒಂದು ವಿಷಯ ಮನಸ್ಸಲ್ಲಿ ಕೂತಿತು, ಬಣ್ಣ ಅನ್ನೋದು ಊಹೆಗೆ ಮಾತ್ರ, ವೈರಿನ ಎರಡೂ ತುದಿ ಕೈಗೆ ಸಿಗೋವರೆಗೆ ಪೆನ್ಸಿಲ್ ಗೆರೆ ಪೆನ್ನು ಆಗ್ಬಾರ್ದು.

ಎರಡೂ ತುದಿ ಹುಡುಕೋಕೆ ಐದು ಮೀಟರ್ ಉದ್ದದ ಒಂದು ವೈರಿಗೆ ಎರಡೂ ಕಡೆ ಕ್ರೊಕಡೈಲ್ ಕ್ಲಿಪ್ ಹಾಕ್ಕೊಂಡೆ. ಒಂದು ಕ್ಲಿಪ್ಪು ಹೆಡ್‌ಲೈಟಿನ ಬುಲೆಟ್ ಕನೆಕ್ಟರಿಗೆ, ಇನ್ನೊಂದು ಮಲ್ಟಿಮೀಟರಿಗೆ, ಮೀಟರಿನ ಇನ್ನೊಂದು ಕಡ್ಡಿಯಲ್ಲಿ ಒಂದೊಂದೇ ನಂಬರ್ ಮುಟ್ಟುತ್ತಾ ಹೋಗೋದು, ಬೀಪ್ ಬಂದ್ರೆ ಅದೇ. ಬಲ್ಬ್ ಎಲ್ಲಾ ತೆಗೆದಿಟ್ಟಿದ್ದೆ, ಇಲ್ಲಾಂದ್ರೆ ಫಿಲಮೆಂಟ್ ದಾಟಿ ಅರ್ಥಿಗೆ ಹೋಗಿ ಬೇಡದ ವೈರಲ್ಲೆಲ್ಲಾ ಬೀಪ್ ಬರುತ್ತೆ. ಮುಂದಿನ ಲೈಟು, ಕಾಲಲ್ಲಿ ಒತ್ತೋ ಡಿಪ್ಪರ್ ಸ್ವಿಚ್ಚು, ಫ್ಯೂಸ್ ಬಾಕ್ಸು, ಡೈನಮೋ ಕಟೌಟು (ಡೈನಮೋದಿಂದ ಬ್ಯಾಟರಿಗೆ ಹೋಗೋ ಚಾರ್ಜ್ ನೋಡ್ಕೊಳ್ಳೋ ಡಬ್ಬಿ), ವೈಪರ್ ಮೋಟರು, ಹಿಂದಿನ ಲೈಟು, ಟ್ಯಾಂಕಿನ ಯೂನಿಟ್ಟು, ಹೀಗೆ ಒಂದೊಂದು ಜಾಗಕ್ಕೂ ಹೋಗಿ ಬರೋದು. ಅಣ್ಣನ ಮಗಳು ಎಂಟನೇ ಕ್ಲಾಸು, ಅವಳು ಹಿಂದೆ ನಿಂತು ಕ್ಲಿಪ್ಪು ಬದಲಾಯಿಸ್ತಿದ್ಲು, "ಚಿಕ್ಕಪ್ಪ ಈಗ ಎಡಗಡೆ ಬ್ರೇಕ್ ಲೈಟ್" ಅಂತ ಕೂಗಿ ಹೇಳ್ತಿದ್ಲು, ಅವಳಿಲ್ದಿದ್ರೆ ಆ ಎರಡು ದಿನದ ಕೆಲಸ ನಾಲ್ಕು ದಿನ ಆಗ್ತಿತ್ತು.

ಇಲ್ಲಿ ಒಂದು ಸಲ ಪೆಟ್ಟು ತಿಂದೆ. 7ನೇ ನಂಬರು ಬ್ರೌನ್ ಮೇಲೆ ನೀಲಿ ಗೆರೆ, ಕಟೌಟಿನ ಎ1 ಟರ್ಮಿನಲ್ಲಿಂದ ಲೈಟ್ ಸ್ವಿಚ್ಚು ಮತ್ತೆ ಕೀ ಕಡೆ ಬರೋದು, ಇಡೀ ಡ್ಯಾಶಿಗೆ ಕರೆಂಟು ತರೋ ಮುಖ್ಯ ವೈರದು. ಮೀಟರಲ್ಲಿ ಚೊಕ್ಕ ಬೀಪ್ ಬಂತು, ಪೆನ್ನಲ್ಲಿ ಗೆರೆ ಎಳೆದೆ. ಆಮೇಲೆ ಸಾಬ್ರು ಅದೇ ವೈರಿಗೆ ಒಂದು ಹೆಡ್‌ಲೈಟ್ ಬಲ್ಬ್ ಕಟ್ಟಿ ಕರೆಂಟ್ ಕೊಟ್ರೆ ಬಲ್ಬು ಕೆಂಡದ ಥರ ಮಂಕಾಗಿ ಹತ್ಕೊಂಡಿತು ಅಷ್ಟೇ. ಬೆರಳಲ್ಲಿ ತಡವ್ತಾ ಹೋದ್ರೆ ಬಾನೆಟ್ ಕೆಳಗೆ ಒಂದು ಕಡೆ ವೈರು ಬಿಸಿ. ಬಿಡಿಸಿ ನೋಡಿದ್ರೆ ಇಲಿ ಕಡಿದು ಒಳಗೆ ಒಂದೋ ಎರಡೋ ಎಳೆ ತಾಮ್ರ ಉಳಿದಿದೆ, ಉಳಿದದ್ದೆಲ್ಲಾ ಹಸಿರು ಪುಡಿ. ಮೀಟರಿನ ಬೀಪಿಗೆ ಒಂದೇ ಎಳೆ ಸಾಕು, ಅದು ಕಳಿಸೋ ಕರೆಂಟು ಅಷ್ಟು ಕಮ್ಮಿ. ಹೆಡ್‌ಲೈಟಿಗೆ ಸಾಕಾಗಲ್ಲ. ಆವತ್ತಿಂದ ಮೀಟರಲ್ಲಿ ಗುರುತು ಹಿಡಿದ ಪ್ರತಿ ವೈರಿಗೂ ಬಲ್ಬಿನ ಲೋಡ್ ಕೊಟ್ಟು ನೋಡಿದೆ, ಹೀಗೆ ನೋಡಿದ್ದಕ್ಕೆ ಇನ್ನೂ ಮೂರು ವೈರು ಸಿಕ್ಕಿಬಿತ್ತು. ಯಾರಾದ್ರೂ ಹಳೇ ಗಾಡಿ ವೈರಿಂಗ್ ಮಾಡ್ತಿದ್ರೆ ದಯವಿಟ್ಟು ಇದೊಂದು ಮಾಡಿ, ಬರೀ ಬೀಪ್ ನಂಬಿ ಡ್ಯಾಶ್ ಮುಚ್ಚಬೇಡಿ.

ಬ್ಯಾಟರಿ ಕೊಡೋ ಮುಂಚೆ ಇನ್ನೊಂದು ನೋಡ್ಲೇಬೇಕಿತ್ತು. ಆ ಕಾಲದ ಇಂಗ್ಲೆಂಡ್ ಮೂಲದ ಗಾಡಿಗಳಲ್ಲಿ ಎಷ್ಟೋದಕ್ಕೆ ಬ್ಯಾಟರಿಯ ಪ್ಲಸ್ಸು ಬಾಡಿಗೆ ಹೋಗ್ತಿತ್ತು, ಪಾಸಿಟಿವ್ ಅರ್ಥ್ ಅಂತಾರೆ. ನಮ್ಮದ್ರಲ್ಲಿ ಬಾಡಿಗೆ ಬಂದಿದ್ದ ದಪ್ಪ ಪಟ್ಟಿ ಮೈನಸ್ ಕಡೆದು, ದೊಡ್ಡಪ್ಪನ್ನ ಕೇಳಿದ್ರೆ "ನಾನು ತಗೊಂಡಾಗಿಂದ ಹಂಗೇ ಇದ್ಯೋ ಮಾರಾಯ" ಅಂದ್ರು, ಸಾಬ್ರೂ ಹೌದು ಅಂದ್ರು. ಇದನ್ನ ಉಲ್ಟಾ ಕೊಟ್ರೆ ಡೈನಮೋ ಕಟೌಟ್ ಎರಡಕ್ಕೂ ಅಪಾಯ.

ಇಡೀ ಗಾಡಿಗೆ ಮೊದಲ ಸಲ ಕರೆಂಟು ಕೊಡುವಾಗ ನಂಗೆ ನಿಜವಾಗ್ಲೂ ಭಯ ಇತ್ತು. ಈ ಗಾಡಿಯಲ್ಲಿ ಇರೋದೇ ಎರಡು ಫ್ಯೂಸು, 35 ಆಂಪಿಯರಿಂದು, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ, ಬ್ರೌನ್ ವೈರು ಬಾಡಿಗೆ ತಾಗಿದ್ರೆ ಬೆಂಕಿ ಹತ್ಕೊಳ್ಳೋವರೆಗೆ ಯಾವುದೂ ತಡೆಯಲ್ಲ. ಹೊಸ ಬಣ್ಣ, ಹೊಸ ಸೀಟು, ಪಕ್ಕದಲ್ಲೇ ಕೊಟ್ಟಿಗೆ. ಅದಕ್ಕೆ ಬ್ಯಾಟರಿ ಪ್ಲಸ್ಸಿಗೂ ಗಾಡಿಗೂ ಮಧ್ಯ ಒಂದು 55 ವಾಟಿನ ಹೆಡ್‌ಲೈಟ್ ಬಲ್ಬ್ ಸರಣಿಯಲ್ಲಿ ಕಟ್ಟಿದ್ವಿ. ಎಲ್ಲಿ ಶಾರ್ಟ್ ಆದ್ರೂ ಆ ಬಲ್ಬು ಪೂರ್ತಿ ಉರಿಯುತ್ತೆ, ಸುಮಾರು ನಾಲ್ಕೂವರೆ ಆಂಪಿಯರಿಗಿಂತ ಜಾಸ್ತಿ ಹರಿಯಕ್ಕೆ ಬಿಡಲ್ಲ, ವೈರು ಸುಡಲ್ಲ. ಮೊದಲು ಒಂದೂ ಸ್ವಿಚ್ ಹಾಕ್ದೆ ನೋಡಿದ್ವಿ, ಬಲ್ಬು ಕತ್ತಲೆ. ಕೀ ತಿರುಗಿಸಿದೆ, ಸಣ್ಣಗೆ ಮಿನುಗ್ತು, ಇಗ್ನಿಷನ್ ಕಾಯಿಲ್ಲು ಕರೆಂಟು ಎಳೆಯುತ್ತಲ್ಲ, ಅದು ಸರಿ. ಪಾರ್ಕ್ ಲೈಟ್ ಸ್ವಿಚ್ ಎಳೆದೆ, ಫುಲ್ ಬೆಳಕು! ತಕ್ಷಣ ತೆಗೆದೆ. ಡ್ಯಾಶಿಂದ ಎಂಜಿನ್ ಕಡೆ ಹಾರ್ನೆಸ್ ದಾಟೋ ತೂತಲ್ಲಿ ಅಂಚು ಮುಚ್ಚೋ ರಬ್ಬರ್ ಬಳೆ (ಗ್ರೊಮೆಟ್) ಪೇಂಟಿಂಗಿಗೆ ತೆಗೆದವರು ವಾಪಸ್ ಹಾಕಿರ್ಲಿಲ್ಲ, ತಗಡಿನ ಅಂಚು ಕೆಂಪು ವೈರನ್ನ ಕೊಯ್ದಿತ್ತು. ಬಲ್ಬ್ ಇಲ್ದೆ ನೇರ ಕೊಟ್ಟಿದ್ರೆ ಅನ್ನೋದನ್ನ ನಾನು ಯೋಚನೆ ಮಾಡೋಕೂ ಇಷ್ಟಪಡಲ್ಲ.

ಕೆಂಪು ಬಣ್ಣದ ಗುಂಪಲ್ಲಿ 19ನೇ ನಂಬರು ಸ್ಟೀರಿಂಗ್ ಕಂಬದ ಕೆಳಗೆ ಹೋಗ್ತಿತ್ತು, ಒಳಗೆ ಬಿಡಿಸಿದ್ರೆ ಪರ್ಪಲ್ ಮೇಲೆ ಕಪ್ಪು ಗೆರೆಯ ವೈರಿಗೆ ಗಂಟು ಹಾಕಿದ್ರು. ಹಾರನ್ನು ಅಂತ ಅನುಮಾನ. ಈ ಗಾಡಿಯಲ್ಲಿ ಹಾರನ್ನಿಗೆ ಕರೆಂಟು ಯಾವಾಗ್ಲೂ ಇರುತ್ತೆ, ಬಟನ್ ಒತ್ತಿದ್ರೆ ಅರ್ಥ್ ಸಿಗುತ್ತೆ ಅಷ್ಟೇ, ಹಾಗಾಗಿ ಆ ತುದಿನ ಬಾಡಿಗೆ ತಾಗಿಸಿದ್ರೆ ಸಾಕು. ಅಷ್ಟೊತ್ತಿಗೆ ಸರಣಿ ಬಲ್ಬ್ ತೆಗೆದು ಫ್ಯೂಸ್ ಹಾಕಿದ್ದೆ. ತಾಗಿಸಿದೆ. ಇಡೀ ಶೆಡ್ಡು ನಡುಗೋ ಹಂಗೆ ಹಾರನ್ ಬಾರಿಸ್ತು, ನಾಯಿ ಬೊಗಳ್ತು, ಒಳಗಿಂದ ದೊಡ್ಡಪ್ಪ ಲುಂಗಿ ಎತ್ತಿ ಕಟ್ಕೊಂಡು ಓಡ್ಬಂದ್ರು, "ಇನ್ನೊಂದ್ಸಲ ಮಾಡು ಮಾರಾಯ" ಅಂದ್ರು. ಮೂರು ಸಲ ಮಾಡಿಸಿದ್ರು.

ಫ್ಯುಯೆಲ್ ಗೇಜಿಂದು ಇನ್ನೊಂದು ಪರೀಕ್ಷೆ, ಇದು ನಂಗೆ ತುಂಬ ಇಷ್ಟ ಆಯ್ತು. ಗೇಜಿಗೆ ಎರಡು ವೈರು, ಒಂದು ಹಸಿರು ಕರೆಂಟಿಂದು, ಇನ್ನೊಂದು ಹಸಿರು ಮೇಲೆ ಕಪ್ಪು ಗೆರೆ, ಅದು ಟ್ಯಾಂಕಿಂದು. ನಮ್ಮ ಗೇಜು ಹಳೇ ಮಾದರಿದು, ಕೀ ಹಾಕಿದ ತಕ್ಷಣ ಮುಳ್ಳು ಚಟ್ ಅಂತ ಏಳುತ್ತೆ. ಟ್ಯಾಂಕಿನ ವೈರು ಕಳಚಿಟ್ರೆ ಫುಲ್ ತೋರಿಸುತ್ತೆ, ಬಾಡಿಗೆ ತಾಗಿಸಿದ್ರೆ ಸೊನ್ನೆ. ಆಮೇಲೆ ಬಂದ, ಬಿಸಿಗೆ ಬಾಗೋ ಪಟ್ಟಿ ಇರೋ ಬೈಮೆಟಲ್ ಗೇಜಲ್ಲಿ ಪೂರ್ತಿ ಉಲ್ಟಾ, ಮುಳ್ಳೂ ನಿಧಾನಕ್ಕೆ ಏರುತ್ತೆ. ಹಾಗಾಗಿ ಟ್ಯಾಂಕ್ ಖಾಲಿ ಇದ್ರೂ ಗೇಜು ಫುಲ್ ಅಂತಿದ್ರೆ ನಮ್ಮಂಥ ಗಾಡಿಯಲ್ಲಿ ಮೊದಲು ನೋಡ್ಬೇಕಾದ್ದು ಗೇಜಲ್ಲ, ಆ ವೈರು ಎಲ್ಲಿ ತುಂಡಾಗಿದೆ ಅಂತ. ದೊಡ್ಡಪ್ಪ ಕೊನೆಕೊನೆಗೆ ಯಾವಾಗ್ಲೂ ಫುಲ್ ತೋರಿಸ್ತಿತ್ತು ಅಂತ ಕೋಲಿನಲ್ಲಿ ಅಳೆದು ಪೆಟ್ರೋಲ್ ಹಾಕಿಸ್ತಿದ್ರಂತೆ. ಡಿಕ್ಕಿಯಲ್ಲಿ ಟ್ಯಾಂಕಿನ ಪಕ್ಕ ಕನೆಕ್ಟರ್ ಕಳಚಿಬಿದ್ದಿತ್ತು ಅಷ್ಟೇ.

ಕೆಂಪು ಇಗ್ನಿಷನ್ ಲೈಟು ಹತ್ತದೇ ಇದ್ದಾಗಲೂ ಮೊದಲು ಬಲ್ಬ್ ಬದಲಾಯಿಸಿದೆ, ಆಮೇಲೆ ಅದ್ರ ಕೆಲಸ ಅರ್ಥ ಮಾಡ್ಕೊಂಡೆ. ಆ ಬಲ್ಬಿನ ಒಂದು ಕಡೆ ಕೀ ಇಂದ ಬಿಳಿ ವೈರು, ಇನ್ನೊಂದು ಕಡೆ ಬ್ರೌನ್ ಮೇಲೆ ಹಳದಿ, ಅದು ಕಟೌಟಿನ ಡಿ ಟರ್ಮಿನಲ್ಲಿಗೆ. ಎಂಜಿನ್ ನಿಂತಿದ್ದಾಗ ಡೈನಮೋದ ಸುರುಳಿ ಮೂಲಕ ಅರ್ಥ್ ಸಿಗುತ್ತೆ, ಲೈಟು ಹತ್ತುತ್ತೆ. ಡೈನಮೋ ಚಾರ್ಜ್ ಶುರು ಮಾಡಿದ್ಮೇಲೆ ಎರಡೂ ಕಡೆ ಒಂದೇ ವೋಲ್ಟೇಜು, ಲೈಟು ಆರುತ್ತೆ. ನಾನು ಡೈನಮೋಗೆ ಹೋಗೋ ದಪ್ಪ ವೈರೇ ಹಾಕಿರ್ಲಿಲ್ಲ, ಹಾಕಿದ ಕೂಡ್ಲೆ ಹತ್ತಿತು.

ಹೊಸ ವೈರು ಬೇಕಾದಷ್ಟು ಬೆಂಗಳೂರಲ್ಲಿ ಜೆ.ಸಿ. ರೋಡಲ್ಲಿ ತಗೊಂಡೆ. ಮೈಬಣ್ಣ ಎಲ್ಲಾ ಸಿಕ್ತು, ಗೆರೆ ಇರೋದು ನಂಗೆ ಬೇಕಾದ ಜೋಡಿಯಲ್ಲಿ ಸಿಗ್ಲಿಲ್ಲ. ಅದಕ್ಕೆ ಹಸಿರು ವೈರಿನ ಎರಡೂ ತುದಿಗೆ ಬಿಳಿ ಅಥವಾ ಕೆಂಪು ಸ್ಲೀವಿನ ಸಣ್ಣ ಉಂಗುರ ಹಾಕಿದೆ, ಮುಂದೆ ಯಾರು ಬಿಚ್ಚಿದ್ರೂ ಅರ್ಥ ಆಗುತ್ತೆ. ಮನೆ ವೈರಿಂಗಿನ ವೈರು ಮಾತ್ರ ಹಾಕ್ಬೇಡಿ, ಗಾಡಿ ನಡುಕಕ್ಕೆ ತೆಳು ಎಳೆ ಜಾಸ್ತಿ ಇರೋ ಆಟೋ ಕೇಬಲ್ಲೇ ಬೇಕು. ಒಂದೊಂದು ಜೋಡಣೆಗೂ ಬೆಸುಗೆ ಬದಲು ಒಳ್ಳೇ ಕ್ರಿಂಪ್ (ಒತ್ತಿ ಬಿಗಿ ಮಾಡೋ ಲೋಹದ ತುಂಡು) ಹಾಕಿ ಸ್ಲೀವ್ ಮುಚ್ಚಿದೆ.

ಲೆಕ್ಕಕ್ಕೆ ಸಿಗದ ಮೂರರಲ್ಲಿ ಎರಡು, 35 ಮತ್ತು 36, ಒಂದು ಕಾಲದಲ್ಲಿದ್ದ ಕ್ಯಾಸೆಟ್ ಪ್ಲೇಯರಿಂದು ಅಂತ ಸಾಬ್ರು ನೋಡಿದ ಕೂಡ್ಲೆ ಹೇಳಿದ್ರು, ಅವರೇ ಹಾಕಿದ್ದು. 33 ಮಾತ್ರ ಯಾರಿಗೂ ಗೊತ್ತಾಗ್ಲಿಲ್ಲ. ಕಪ್ಪು ವೈರು, ಆದ್ರೆ ಅರ್ಥ್ ಅಲ್ಲ. ಬೀಪ್ ಎಲ್ಲೂ ಬರಲ್ಲ. ಕಾರ್ಪೆಟ್ ಎತ್ತಿ, ಬಾಗಿಲಿನ ಪಟ್ಟಿ ಬಿಚ್ಚಿ, ಹಿಂದಿನ ಸೀಟು ತೆಗೆದು ಬೆನ್ನು ಹತ್ತಿದೆ, ಅದು ಡಿಕ್ಕಿಯ ಮೇಲ್ಭಾಗಕ್ಕೆ ಹೋಗಿ ಒಂದು ಖಾಲಿ ಬಲ್ಬ್ ಹೋಲ್ಡರಲ್ಲಿ ಮುಗೀತು. ದೊಡ್ಡಪ್ಪನ್ನ ಕರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದ್ರು. "ಕೊಯ್ಲಿನ ಟೈಮಲ್ಲಿ ರಾತ್ರಿ ಅಡಿಕೆ ಚೀಲ ತುಂಬ್ಬೇಕಲ್ಲ, ನಿಮ್ಮ ದೊಡ್ಡಮ್ಮ ಲಾಟೀನ್ ಹಿಡ್ಕೊಂಡು ನಿಲ್ತಿದ್ಲು, ಮಳೆಗಾಳಿಗೆ ಆರ್ಹೋಗ್ತಿತ್ತು, ಅದಕ್ಕೆ ಹಾಕ್ಸಿದ್ದು" ಅಂದ್ರು.

ಅದಕ್ಕೆ ಡ್ಯಾಶ್ ಕೆಳಗೆ ಒಂದು ಸಣ್ಣ ಸ್ವಿಚ್ಚು, ಮಧ್ಯ 5 ಆಂಪಿಯರ್ ಫ್ಯೂಸು, ಹೋಲ್ಡರಿಗೆ 5 ವಾಟಿನ ಬಲ್ಬು ಹಾಕಿದೆ. ಲಾಂಗ್‌ಬುಕ್ಕಲ್ಲಿ 33ರ ಎದುರು ಡಿಕ್ಕಿ ಲೈಟು ಅಂತ ಪೆನ್ನಲ್ಲಿ ಬರೆದೆ. ಪುಸ್ತಕ ಈಗ ಗ್ಲೋವ್ ಬಾಕ್ಸಲ್ಲೇ ಇದೆ.